ಹಸಿರು ಶಾಲು ಮತ್ತು ರಾಜ್ಯಪತ್ರ: ಯಡಿಯೂರಪ್ಪನವರ ಕೃಷಿ, ಜಾನುವಾರು ಶಾಸನಗಳನ್ನು ಓದುವ ಬಗೆ

ಪ್ರಶ್ನೆ: ನಾನು ಚನ್ನರಾಯಪಟ್ಟಣದ ಕಡೆಯ ರೈತ. ಮನೆಯಲ್ಲಿ ನಾಲ್ಕು ಸೀಮೆಹಸು, ಒಂದು ಜೊತೆ ಎತ್ತು, ಒಂದಿಷ್ಟು ತೆಂಗು ಇದೆ. ನಮ್ಮೂರಿನ ಕಟ್ಟೆಯಲ್ಲಿ ಬಿ.ಎಸ್. ಯಡಿಯೂರಪ್ಪನವರ ಮಾತು ಬಂದರೆ ಒಬ್ಬರು ರೈತನಾಯಕ ಎನ್ನುತ್ತಾರೆ, ಇನ್ನೊಬ್ಬರು ಹೊಲಗಳನ್ನು ಸಂತೆಗಿಟ್ಟವರು ಎನ್ನುತ್ತಾರೆ. ಗೋಹತ್ಯೆ ನಿಷೇಧದ ವಿಷಯ ತೆಗೆದರಂತೂ ಜಗಳವೇ. ಕೃಷಿಗೂ ಪ್ರಾಣಿಗಳಿಗೂ ಅವರು ನಿಜವಾಗಿ ಯಾವ ಕಾನೂನು ಮಾಡಿದರು? ಒಬ್ಬ ರಾಜಕಾರಣಿಯ ಇಂಥ ದಾಖಲೆಯನ್ನು ನಮ್ಮಂಥವರು ಪರಿಶೀಲಿಸುವುದು ಹೇಗೆ?

ಉತ್ತರ: ಮೊದಲು ಒಂದು ಗೆರೆ ಎಳೆದುಕೊಳ್ಳೋಣ. ಸರ್ಕಾರ ಮಾಡುವ ಕೆಲಸಗಳಲ್ಲಿ ಕೆಲವು ಬರಿಯ ಆದೇಶದಿಂದ ಆಗುತ್ತವೆ, ಕೆಲವು ಆಯವ್ಯಯದಿಂದ ಆಗುತ್ತವೆ, ಕೆಲವಕ್ಕೆ ಮಾತ್ರ ಸದನದಲ್ಲಿ ಮಸೂದೆ ಬೇಕು. ಆದೇಶವನ್ನು ಮುಂದಿನ ಸರ್ಕಾರ ಒಂದು ಕಡತದ ಟಿಪ್ಪಣಿಯಿಂದ ನಿಲ್ಲಿಸಬಹುದು. ಕಾಯ್ದೆಯನ್ನು ನಿಲ್ಲಿಸಲು ಎರಡೂ ಸದನಗಳನ್ನು ದಾಟಬೇಕು, ರಾಜ್ಯಪಾಲರ ಅಂಕಿತ ಬೇಕು. ನಿಮ್ಮೂರಿನ ಕಟ್ಟೆಯ ಜಗಳ ಬಗೆಹರಿಯದಿರುವುದಕ್ಕೆ ಕಾರಣ ಇದೇ ಎಂದು ನನಗನಿಸುತ್ತದೆ. ಒಬ್ಬರು ಯಡಿಯೂರಪ್ಪನವರ ಆದೇಶಗಳನ್ನು ನೆನೆಯುತ್ತಿದ್ದಾರೆ, ಇನ್ನೊಬ್ಬರು ಅವರ ಕಾಯ್ದೆಗಳನ್ನು. ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಇಬ್ಬರೂ ಬೇರೆ ಬೇರೆ ಪುಟ ಓದುತ್ತಿದ್ದಾರೆ.

ರೈತನ ಕೈಗೆ ನೇರವಾಗಿ ಬಂದದ್ದರಲ್ಲಿ ಹೆಚ್ಚಿನದು ಆದೇಶದ ಪುಟದಲ್ಲಿದೆ. 2008ರ ಮೇ ಕೊನೆಯಲ್ಲಿ ಅವರು ಮುಖ್ಯಮಂತ್ರಿಯಾದ ಮೇಲೆ ಹತ್ತು ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಬಂತು. ಅದೇ ವರ್ಷ ಡೇರಿಗೆ ಹಾಲು ಹಾಕುವವರಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರುವಾಯಿತು. ಸಹಕಾರ ಸಂಘಗಳ ಬೆಳೆಸಾಲದ ಬಡ್ಡಿ ಇಳಿಯುತ್ತ 2011ರಲ್ಲಿ ಶೇ 1ಕ್ಕೆ ಬಂತು. 2019ರ ಜುಲೈನಲ್ಲಿ ಮತ್ತೆ ಅಧಿಕಾರ ಹಿಡಿದ ದಿನವೇ, ಕೇಂದ್ರದ ಕಿಸಾನ್ ಸಮ್ಮಾನ್ ಹಣದ ಮೇಲೆ ರಾಜ್ಯದಿಂದ ವರ್ಷಕ್ಕೆ 4,000 ರೂಪಾಯಿ ಕೊಡುವುದಾಗಿ ಘೋಷಿಸಿದರು. ಇವುಗಳಲ್ಲಿ ಹಾಲಿನ ಪ್ರೋತ್ಸಾಹಧನ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಅದು ಭೂಮಿಯ ಅಳತೆ ಕೇಳಲಿಲ್ಲ. ಒಂದೇ ಹಸು ಕಟ್ಟಿದ ಹೆಣ್ಣುಮಗಳ ಖಾತೆಗೂ ಹೋಯಿತು. ಮುಂದಿನ ಸರ್ಕಾರಗಳು ಅದನ್ನು ತೆಗೆಯುವ ಧೈರ್ಯ ಮಾಡಲಿಲ್ಲ, ಬದಲಿಗೆ ಹೆಚ್ಚಿಸಿದವು. 4,000 ರೂಪಾಯಿಯ ಕಂತುಗಳ ಗತಿ ಬೇರೆಯಾಯಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅವು ನಿಂತವು. ನಿಲ್ಲಿಸಲು ಯಾವ ಮಸೂದೆಯೂ ಬೇಕಾಗಲಿಲ್ಲ. ಆದೇಶ ಎಂದರೆ ಅಷ್ಟೇ ಆಯುಷ್ಯ.

2011ರ ಫೆಬ್ರುವರಿ 24ರಂದು ಮಂಡಿಸಿದ ಪ್ರತ್ಯೇಕ ಕೃಷಿ ಬಜೆಟ್ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ದೇಶದಲ್ಲೇ ಮೊದಲನೆಯದು ಎಂಬ ಹೆಗ್ಗಳಿಕೆ ಅದಕ್ಕಿದೆ. 17,857 ಕೋಟಿ ರೂಪಾಯಿಯ ಲೆಕ್ಕವದು. ಕೃಷಿ, ತೋಟಗಾರಿಕೆ, ಪಶುಸಂಗೋಪನೆ, ರೇಷ್ಮೆ, ಮೀನುಗಾರಿಕೆ, ಸಹಕಾರ, ನೀರಾವರಿ, ಪಂಪ್‌ಸೆಟ್ ವಿದ್ಯುತ್ತಿನ ಸಹಾಯಧನ ಇವೆಲ್ಲವನ್ನೂ ಒಂದೇ ಪುಸ್ತಕಕ್ಕೆ ತಂದದ್ದು ಅದರ ಗುಣ. ಬೇರೆ ಬೇರೆ ಇಲಾಖೆಗಳಲ್ಲಿ ಚದುರಿದ ಹಣವನ್ನು ರೈತ ಒಂದೇ ಕಡೆ ನೋಡುವಂತಾಯಿತು. ಆದರೆ ಕಾನೂನಿನ ಕಣ್ಣಿನಲ್ಲಿ ಅದಕ್ಕೆ ಬೇರೆ ಅಸ್ತಿತ್ವ ಇರಲಿಲ್ಲ. ಸದನ ಒಪ್ಪಿಗೆ ಕೊಡುವುದು ಎಂದಿನ ಧನವಿನಿಯೋಗ ಮಸೂದೆಗೇ, ಅಂದರೆ ಖಜಾನೆಯಿಂದ ಹಣ ತೆಗೆಯಲು ಅನುಮತಿ ಕೊಡುವ ಮಸೂದೆಗೇ. ನೀರಾವರಿ ಕಾಮಗಾರಿ, ವಿದ್ಯುತ್ ಸಹಾಯಧನಗಳು ಆ ಮೊತ್ತದ ದೊಡ್ಡ ಪಾಲು ಎಂಬುದನ್ನೂ ನೆನಪಿಡಬೇಕು. ಐದು ತಿಂಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ಪ್ರತ್ಯೇಕ ಕೃಷಿ ಬಜೆಟ್ ಪ್ರತಿವರ್ಷ ಬರಲೇಬೇಕು ಎಂಬ ಕಾಯ್ದೆಯನ್ನು ಅವರು ಮಾಡಿಸಲಿಲ್ಲ. ಮಾಡಿಸಿದ್ದರೆ ಆ ಯೋಚನೆಗೆ ಬೇರು ಬಿಡುತ್ತಿತ್ತು.

ಈಗ ಕಾಯ್ದೆಗಳ ಪುಟ. ಇದರಲ್ಲಿ ಮೂರು ಮುಖ್ಯ, ಮೂರೂ 2020ರವು, ಮೂರೂ ಸುಗ್ರೀವಾಜ್ಞೆಯ ಮೆಟ್ಟಿಲನ್ನು ತುಳಿದು ಬಂದವು. ಸದನ ನಡೆಯದಿರುವಾಗ ತುರ್ತು ಇದ್ದರೆ ರಾಜ್ಯಪಾಲರು ಸುಗ್ರೀವಾಜ್ಞೆ ಹೊರಡಿಸಬಹುದು ಎನ್ನುತ್ತದೆ ಸಂವಿಧಾನದ 213ನೇ ವಿಧಿ. ಕೋವಿಡ್ ಕಾಲದಲ್ಲಿ ಹೊಲದ ಒಡೆತನ, ಮಾರುಕಟ್ಟೆ, ಕೊಟ್ಟಿಗೆ ಮೂರನ್ನೂ ಮುಟ್ಟುವ ಬದಲಾವಣೆಗಳಿಗೆ ಅಂಥ ತುರ್ತು ಏನಿತ್ತು ಎಂಬ ಪ್ರಶ್ನೆಗೆ ಸಮಾಧಾನದ ಉತ್ತರ ಅಂದೂ ಸಿಗಲಿಲ್ಲ, ಇಂದೂ ಸಿಕ್ಕಿಲ್ಲ.

ಮೊದಲನೆಯದು ಎಪಿಎಂಸಿ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಗೆ 2020ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ಬಂತು. ಕೇಂದ್ರದ ಮೂರು ಕೃಷಿ ಸುಗ್ರೀವಾಜ್ಞೆಗಳು ಬಂದದ್ದು ಜೂನ್ ತಿಂಗಳಲ್ಲಿ. ಅಂದರೆ ಕರ್ನಾಟಕ ಒಂದು ಹೆಜ್ಜೆ ಮುಂದೆಯೇ ಹೋಗಿತ್ತು. ತಿರುಳು ಇಷ್ಟು: ಮಾರುಕಟ್ಟೆ ಸಮಿತಿಯ ಅಧಿಕಾರ ಪ್ರಾಂಗಣದ ಒಳಗೆ ಮಾತ್ರ, ಹೊರಗೆ ಯಾರು ಬೇಕಾದರೂ ಕೊಳ್ಳಬಹುದು, ಅದಕ್ಕೆ ದಂಡವಿಲ್ಲ. ನಿಮ್ಮ ಹಾಲಿಗೆ ಇದರಿಂದ ಏನೂ ಆಗಲಿಲ್ಲ, ಅದರ ದಾರಿ ಸಹಕಾರ ಸಂಘದ್ದು. ಕೊಬ್ಬರಿಗೆ ಮಾತ್ರ ಸಂಬಂಧವಿದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಿನ ದರ ಎಲ್ಲರ ಕಣ್ಣೆದುರು ನಿಲ್ಲುವುದರಿಂದಲೇ ಊರಿಗೆ ಬರುವ ವ್ಯಾಪಾರಿಯೂ ಆ ದರವನ್ನು ಹಿಡಿದು ಮಾತನಾಡುತ್ತಾನೆ. ಪ್ರಾಂಗಣಕ್ಕೆ ಬರುವ ಮಾಲು ತೆಳುವಾದರೆ ಆ ದರದ ನಂಬಿಕೆಯೂ ತೆಳುವಾಗುತ್ತದೆ. ಹೊರಗೆ ಮಾರುವ ಸ್ವಾತಂತ್ರ್ಯ ಒಳ್ಳೆಯದೇ, ನಾನು ಅದರ ವಿರೋಧಿಯಲ್ಲ. ಆದರೆ ಹೊರಗಿನ ಖರೀದಿದಾರನ ನೋಂದಣಿ, ತೂಕದ ತಪಾಸಣೆ, ಹಣ ಕೊಡದೆ ಓಡಿಹೋದರೆ ವಸೂಲಿ ಇವುಗಳನ್ನು ಬರೆಯದೆ ಬರಿಯ ಬಾಗಿಲು ತೆರೆದದ್ದು ಅರ್ಧ ಕೆಲಸ. ದೇಶ ಕೇಂದ್ರದ ಕಾಯ್ದೆಗಳ ವಾಪಸಾತಿಯನ್ನು 2021ರ ಕೊನೆಯಲ್ಲಿ ಕಂಡಿತು. ರಾಜ್ಯದ ತಿದ್ದುಪಡಿ ಹಾಗೆಯೇ ಉಳಿಯಿತು. 2023ರಲ್ಲಿ ಅದನ್ನು ಹಿಂದಿನ ಸ್ಥಿತಿಗೆ ತರುವ ಮಸೂದೆಗೆ ವಿಧಾನಸಭೆ ಒಪ್ಪಿದರೂ ಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಕಳಿಸಿತು. ಆದೇಶಕ್ಕೂ ಕಾಯ್ದೆಗೂ ಇರುವ ಅಂತರ ನಿಮಗೆ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಎರಡನೆಯದು ಭೂಸುಧಾರಣೆ. ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಉಳುವವನಿಗೆ ಹೊಲ ಕೊಟ್ಟದ್ದಷ್ಟೇ ಅಲ್ಲ, ಕೊಟ್ಟ ಹೊಲ ಉಳುವವರ ವಲಯದಿಂದ ಜಾರದಂತೆ ಬೇಲಿಯನ್ನೂ ಹಾಕಿತ್ತು. 79ಎ ಕಲಮು ಕೃಷಿಯೇತರ ಆದಾಯ ಮಿತಿ ಮೀರಿದವರು ಕೃಷಿಭೂಮಿ ಕೊಳ್ಳುವಂತಿಲ್ಲ ಎಂದಿತು. 79ಬಿ ಕಂಪನಿ, ಟ್ರಸ್ಟ್, ಸಂಸ್ಥೆಗಳನ್ನು ತಡೆಯಿತು. 80ನೇ ಕಲಮು ಕೃಷಿಕರಲ್ಲದವರಿಗೆ ಮಾರಾಟವನ್ನೇ ತಡೆಯಿತು. ಆದಾಯದ ಮಿತಿ 2015ರಲ್ಲಿ, ಸಿದ್ದರಾಮಯ್ಯನವರ ಸರ್ಕಾರವಿದ್ದಾಗ, 2 ಲಕ್ಷದಿಂದ 25 ಲಕ್ಷಕ್ಕೆ ಏರಿತ್ತು. ಬೇಲಿಯನ್ನು ಸಡಿಲಿಸಿದವರು ಒಬ್ಬರೇ ಅಲ್ಲ ಎಂಬುದಕ್ಕೆ ಇದನ್ನು ಹೇಳುತ್ತಿದ್ದೇನೆ. 2020ರ ಜುಲೈನಲ್ಲಿ ಯಡಿಯೂರಪ್ಪನವರ ಸರ್ಕಾರ 79ಎ, 79ಬಿ, 79ಸಿ ಮೂರನ್ನೂ ಸುಗ್ರೀವಾಜ್ಞೆಯಿಂದ ಕಿತ್ತುಹಾಕಿತು, 80ನ್ನೂ ಬದಲಿಸಿತು. ಆ ಕಲಮುಗಳಡಿ ಬಾಕಿಯಿದ್ದ ಪ್ರಕರಣಗಳೂ ಬಿದ್ದುಹೋದವು. ಸೆಪ್ಟೆಂಬರ್ 28ರಂದು ರೈತ ಸಂಘಟನೆಗಳು ಕರ್ನಾಟಕ ಬಂದ್ ನಡೆಸಿದವು. ಪರಿಷತ್ತಿನಲ್ಲಿ ಆಗ ಆಳುವ ಪಕ್ಷಕ್ಕೆ ಬಹುಮತವಿರಲಿಲ್ಲ. ಡಿಸೆಂಬರ್ 8ರಂದು ಜಾತ್ಯತೀತ ಜನತಾದಳದ ಬೆಂಬಲದಿಂದ ಮಸೂದೆ ಪಾಸಾಯಿತು.

ಸರ್ಕಾರದ ವಾದದಲ್ಲಿ ಒಂದು ಸತ್ಯವಿತ್ತು. 79ಎ ಕೆಲಸ ಮಾಡುತ್ತಿರಲಿಲ್ಲ. ಹಣವಂತರು ಸುಳ್ಳು ಆದಾಯಪತ್ರ ಕೊಟ್ಟು ಕೊಳ್ಳುತ್ತಿದ್ದರು, ಸಿಕ್ಕಿಬಿದ್ದವರು ಉಪವಿಭಾಗಾಧಿಕಾರಿಗಳ ಕಚೇರಿಗೆ ವರ್ಷಗಟ್ಟಲೆ ಅಲೆಯುತ್ತಿದ್ದರು, ಅಲ್ಲಿ ಲಂಚಕ್ಕೆ ದಾರಿಯಾಗಿತ್ತು. ತಮಿಳುನಾಡಿನಲ್ಲಿ, ಆಂಧ್ರದಲ್ಲಿ ಇಂಥ ತಡೆ ಇಲ್ಲ ಎಂದೂ ಹೇಳಿದರು. ಅದು ನಿಜ. ಮಹಾರಾಷ್ಟ್ರದಲ್ಲಿ ತಡೆ ಇದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಮುರಿದ ಕಲಮನ್ನು ರಿಪೇರಿ ಮಾಡುವ ಬದಲು ಕಿತ್ತೆಸೆದಾಗ ಏನಾಗುತ್ತದೆ? ಹೊಲ ಮಾರಲೇಬೇಕಾದ ರೈತನಿಗೆ ಹೆಚ್ಚು ದರ ಸಿಗುತ್ತದೆ, ಇದನ್ನು ಅಲ್ಲಗಳೆಯಬಾರದು. ಆದರೆ ಪಕ್ಕದ ಹೊಲ ಕೊಂಡು ಒಕ್ಕಲುತನ ಹಿಗ್ಗಿಸಬೇಕೆಂಬ ರೈತ ಬೆಂಗಳೂರಿನ ಹಣದ ಜೊತೆ ಪೈಪೋಟಿಗೆ ನಿಲ್ಲಬೇಕಾಗುತ್ತದೆ. ಹೆದ್ದಾರಿಯ ಅಂಚಿನ ನಿಮ್ಮ ತಾಲ್ಲೂಕಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಮಾರುವ ರೈತನ ಪರವಾದ ಕಾಯ್ದೆ ಇದು, ಉಳಿಯುವ ರೈತನ ಪರವಾದದ್ದಲ್ಲ.

ಮೂರನೆಯದು ನೀವು ಮುಖ್ಯವಾಗಿ ಕೇಳಿದ್ದು. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಕರ್ನಾಟಕದಲ್ಲಿ ಮೊದಲು ಗೋಹತ್ಯೆ ನಿಷೇಧವೇ ಇರಲಿಲ್ಲ ಎಂಬ ತಪ್ಪು ಕಲ್ಪನೆ ಉಳಿಯುತ್ತದೆ. ಸಂವಿಧಾನದ 48ನೇ ವಿಧಿ ಕೃಷಿ, ಪಶುಸಂಗೋಪನೆಯನ್ನು ಆಧುನಿಕ, ವೈಜ್ಞಾನಿಕ ರೀತಿಯಲ್ಲಿ ಕಟ್ಟಬೇಕು, ಹಸು, ಕರು, ಹಾಲು ಕರೆಯುವ ಮತ್ತು ಗೇಯುವ ದನಗಳ ವಧೆ ತಡೆಯಬೇಕು ಎಂದು ಸರ್ಕಾರಕ್ಕೆ ಹೇಳುತ್ತದೆ. 1958ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹಸು ಮತ್ತು ಕರುಗಳ ವಧೆಯ ಪೂರ್ಣ ನಿಷೇಧ ಸರಿ, ಆದರೆ ಕೆಲಸಕ್ಕೂ ತಳಿಗೂ ಬಾರದ ಎತ್ತು, ಎಮ್ಮೆಗಳ ವಧೆಯನ್ನು ಪೂರ್ಣ ತಡೆಯುವುದು ಸಾರ್ವಜನಿಕ ಹಿತವಲ್ಲ ಎಂದಿತು. ನಮ್ಮ 1964ರ ಕಾಯ್ದೆ ಆ ತೀರ್ಪಿನ ಅಚ್ಚಿನಲ್ಲೇ ಬಂತು. ಹಸು, ಹಸುವಿನ ಕರು, ಎಮ್ಮೆಯ ಕರುಗಳ ವಧೆ ನಿಷಿದ್ಧ. ಎತ್ತು, ಹೋರಿ, ಎಮ್ಮೆ, ಕೋಣಗಳನ್ನು ಹನ್ನೆರಡು ವರ್ಷ ದಾಟಿದ ಮೇಲೆ ಅಥವಾ ಅವು ಅಶಕ್ತವಾದಾಗ ಪ್ರಮಾಣಪತ್ರ ಪಡೆದು ವಧಿಸಬಹುದಿತ್ತು. ಶಿಕ್ಷೆ ಆರು ತಿಂಗಳ ಸೆರೆ ಅಥವಾ 1,000 ರೂಪಾಯಿ ದಂಡ, ಇಲ್ಲವೇ ಎರಡೂ. 2005ರ ಅಕ್ಟೋಬರ್‌ನಲ್ಲಿ ಗುಜರಾತಿನ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಹಳೆಯ ನಿಲುವನ್ನು ಬದಲಿಸಿತು. ಮುದಿ ಎತ್ತೂ ಸಗಣಿ, ಗಂಜಲದ ಮೂಲಕ ಉಪಯುಕ್ತವೇ, ಪೂರ್ಣ ನಿಷೇಧ ಸಂವಿಧಾನಬದ್ಧ ಎಂದಿತು. ರಾಜ್ಯಗಳಿಗೆ ಬಾಗಿಲು ತೆರೆದದ್ದು ಆ ತೀರ್ಪು.

ಯಡಿಯೂರಪ್ಪನವರ ಮೊದಲ ಯತ್ನ 2010ರದ್ದು. ಆ ಮಸೂದೆ ಎಮ್ಮೆ, ಕೋಣಗಳನ್ನೂ ಸೇರಿಸಿಕೊಂಡಿತ್ತು. ಸದನ ಒಪ್ಪಿದರೂ ಆಗಿನ ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅಂಕಿತ ಹಾಕದೆ ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ಅಲ್ಲಿಂದ ಅನುಮತಿ ಬರಲಿಲ್ಲ, ಮುಂದೆ ಸಿದ್ದರಾಮಯ್ಯನವರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಎರಡನೆಯ ಯತ್ನ ಹತ್ತು ವರ್ಷಗಳ ನಂತರದ್ದು. ಪಶುಸಂಗೋಪನಾ ಸಚಿವ ಪ್ರಭು ಚವ್ಹಾಣ್ ಮಂಡಿಸಿದ ಮಸೂದೆ 2020ರ ಡಿಸೆಂಬರ್ 9ರಂದು ವಿಧಾನಸಭೆಯಲ್ಲಿ ಚರ್ಚೆಯೇ ಇಲ್ಲದೆ ಪಾಸಾಯಿತು. ಪರಿಷತ್ತಿನಲ್ಲಿ ಸಿಕ್ಕಿಕೊಂಡಾಗ ಸುಗ್ರೀವಾಜ್ಞೆ ಬಂತು. ರಾಜ್ಯಪಾಲ ವಜುಭಾಯಿ ವಾಲಾ ಅಂಕಿತ ಹಾಕಿದರು, 2021ರ ಜನವರಿ 18ರಿಂದ ಅದು ಜಾರಿಗೆ ಬಂತು. ಫೆಬ್ರುವರಿ 8ರಂದು ಗದ್ದಲದ ನಡುವೆ ಪರಿಷತ್ತು ಧ್ವನಿಮತದಿಂದ ಒಪ್ಪಿತು. ಕೋಟ್ಯಂತರ ಜನರ ಕೊಟ್ಟಿಗೆಗೂ ಊಟಕ್ಕೂ ಜೀವನೋಪಾಯಕ್ಕೂ ತಗಲುವ ಕಾಯ್ದೆ ಎರಡೂ ಸದನಗಳಲ್ಲಿ ಕಲಮುವಾರು ಚರ್ಚೆಯಾಗದೆ ಹೋಯಿತು. ಇದು ನನಗೆ ನಿಜವಾದ ನೋವು. ನಿಷೇಧದ ಪರವಿರುವವರಿಗೂ ಆ ಚರ್ಚೆ ಬೇಕಿತ್ತು, ಏಕೆಂದರೆ ದನ ಸಾಕುವವರ ಮಾತು ಸದನದ ನಡವಳಿಯಲ್ಲಿ ದಾಖಲಾಗುವುದು ಅಲ್ಲಿಯೇ.

ಹೊಸ ಕಾಯ್ದೆಯಲ್ಲಿ ಏನಿದೆ? ಹಸು, ಹಸುವಿನ ಕರು, ಹೋರಿ, ಎತ್ತು ಯಾವ ವಯಸ್ಸಿನದಾದರೂ ವಧಿಸುವಂತಿಲ್ಲ. ಎಮ್ಮೆ, ಕೋಣಗಳಿಗೆ ಹದಿಮೂರು ವರ್ಷದವರೆಗೆ ರಕ್ಷಣೆ. 2010ರ ಮಸೂದೆಗಿಂತ ಇಷ್ಟು ಮಾತ್ರ ಸಡಿಲ. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆ, ದಂಡ 50,000ದಿಂದ 5 ಲಕ್ಷ ರೂಪಾಯಿ. ಅಪರಾಧ ಮರುಕಳಿಸಿದರೆ ದಂಡ 1 ಲಕ್ಷದಿಂದ 10 ಲಕ್ಷ. ವಧೆಗಾಗಿ ಮಾರುವುದೂ, ಕೊಳ್ಳುವುದೂ, ಸಾಗಿಸುವುದೂ ಅಪರಾಧ. ಸಬ್ ಇನ್ಸ್‌ಪೆಕ್ಟರ್ ದರ್ಜೆಯ ಪೊಲೀಸ್ ಅಧಿಕಾರಿ ಶೋಧ ನಡೆಸಿ ದನವನ್ನೂ ವಾಹನವನ್ನೂ ವಶಪಡಿಸಿಕೊಳ್ಳಬಹುದು. ವಾಹನ ಬಿಡಿಸಿಕೊಳ್ಳಲು ಅದರ ಬೆಲೆಗೆ ಸಮನಾದ ಬ್ಯಾಂಕ್ ಖಾತರಿ ಕೊಡಬೇಕು. 17ನೇ ಕಲಮು ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಕೊಡುತ್ತದೆ. ಈ ಕಲಮಿನ ಬಗ್ಗೆ ಎರಡೂ ಕಡೆ ಅತಿ ಮಾತು ಕೇಳಿದ್ದೇನೆ. ಅದರ ಪದಗಳನ್ನು ನಿಧಾನವಾಗಿ ಓದಿದರೆ ರಕ್ಷಣೆ ಇರುವುದು ಸಕ್ಷಮ ಪ್ರಾಧಿಕಾರಕ್ಕೆ ಮತ್ತು ಈ ಕಾಯ್ದೆಯಡಿ ಅಧಿಕಾರ ಚಲಾಯಿಸುವವರಿಗೆ. ರಸ್ತೆಯಲ್ಲಿ ಗುಂಪು ಕಟ್ಟಿಕೊಂಡು ವಾಹನ ಅಡ್ಡಗಟ್ಟುವವರಿಗೆ ಈ ಕಾಯ್ದೆ ಯಾವ ಅಧಿಕಾರವನ್ನೂ ಕೊಟ್ಟಿಲ್ಲ. ಸಾಗಣೆಯ ವಿಷಯದಲ್ಲಿ ಗೊಂದಲ ಎಷ್ಟಿತ್ತೆಂದರೆ, ನಿಯಮಗಳು ಬರುವವರೆಗೆ 5ನೇ ಕಲಮಿನಡಿ ಬಲವಂತದ ಕ್ರಮ ಕೈಗೊಳ್ಳುವುದಿಲ್ಲ ಎಂದು ಸರ್ಕಾರವೇ ಹೈಕೋರ್ಟಿಗೆ ಭರವಸೆ ಕೊಡಬೇಕಾಯಿತು.

ಕಾಯ್ದೆಯಲ್ಲಿ ಏನಿಲ್ಲ ಎಂಬುದು ಇನ್ನೂ ಮುಖ್ಯ. ಸೀಮೆಹಸು ಸಾಕುವ ನಿಮಗೆ ಲೆಕ್ಕ ಗೊತ್ತೇ ಇದೆ. ಹಸು ಕೆಲವು ಕರು ಹಾಕಿ ಹಾಲು ಇಳಿಸುತ್ತದೆ, ಗಬ್ಬ ನಿಲ್ಲುವುದಿಲ್ಲ. ಅದನ್ನು ಕೊಟ್ಟು ಬಂದ ಹಣಕ್ಕೆ ಒಂದಿಷ್ಟು ಸೇರಿಸಿ ಇನ್ನೊಂದು ಹಸು ತರುವುದು ರೂಢಿ. ಸೀಮೆಹಸುವಿನ ಗಂಡುಕರು ಗೇಯುವುದಕ್ಕೆ ಬರುವುದಿಲ್ಲ, ಅದರ ಪಾಲಿನ ಹಾಲು ಡೇರಿಯ ಕ್ಯಾನಿನಿಂದ ಕಡಿಮೆಯಾಗಬೇಕು. ಉಳುಮೆ ಟ್ರ್ಯಾಕ್ಟರಿಗೆ ಹೋದ ಮೇಲೆ ಎತ್ತಿನ ಮುದಿತನವೂ ಬೇಗ ಬರುತ್ತದೆ, ಅಂದರೆ ಅದರ ಕೆಲಸ ಅದರ ದೇಹಕ್ಕಿಂತ ಮೊದಲೇ ಮುಗಿಯುತ್ತದೆ. ಹಸು ಹಳೆಯ ಕಾಯ್ದೆಯಲ್ಲೂ ನಿಷಿದ್ಧವೇ ಆಗಿತ್ತು, ಎತ್ತಿಗೆ ಇದ್ದ ಪ್ರಮಾಣಪತ್ರದ ದಾರಿ ಈಗ ಮುಚ್ಚಿದೆ. ಹಸಿ ಮೇವು, ಬೂಸಾ, ಹಿಂಡಿಯ ಬೆಲೆಯಲ್ಲಿ ಈ ದನಗಳನ್ನು ಸಾಯುವವರೆಗೆ ಸಾಕುವ ಖರ್ಚು ಯಾರದು? ಗೋಶಾಲೆ ಸ್ಥಾಪನೆಗೆ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ರೈತ ತಂದ ಬರಡು ಹಸುವನ್ನು, ಗಂಡುಕರುವನ್ನು ಸರ್ಕಾರ ಇಂತಿಷ್ಟು ಹಣ ಕೊಟ್ಟು ಪಡೆಯತಕ್ಕದ್ದು ಎಂಬ ಬಾಧ್ಯತೆ ಒಂದು ಸಾಲಿನಲ್ಲೂ ಇಲ್ಲ. 2022ರಲ್ಲಿ ಬಸವರಾಜ ಬೊಮ್ಮಾಯಿಯವರ ಸರ್ಕಾರ ತಂದ ಪುಣ್ಯಕೋಟಿ ದತ್ತು ಯೋಜನೆ ಗೋಶಾಲೆಯ ಒಂದು ದನಕ್ಕೆ ವರ್ಷಕ್ಕೆ 11,000 ರೂಪಾಯಿ ಎಂದು ದಾನಿಗಳನ್ನು ಕೇಳಿತು. ದನ ಸಾಕುವ ಖರ್ಚನ್ನು ಸರ್ಕಾರವೇ ಒಪ್ಪಿಕೊಂಡ ಅಂಕಿ ಎಂದು ಅದನ್ನು ಓದಬಹುದು. ಗೋಶಾಲೆಯ ದನಕ್ಕೆ ಅಷ್ಟು ಬೇಕಾದರೆ ನಿಮ್ಮ ಕೊಟ್ಟಿಗೆಯ ದನಕ್ಕೂ ಅಷ್ಟು ಬೇಕು.

ಜಾನುವಾರು ಗಣತಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. 2012ರಲ್ಲಿ ರಾಜ್ಯದಲ್ಲಿ ಸುಮಾರು 95 ಲಕ್ಷ ದನಗಳಿದ್ದವು, 2019ರಲ್ಲಿ ಸುಮಾರು 85 ಲಕ್ಷ. ಎಮ್ಮೆಗಳು ಸುಮಾರು 35 ಲಕ್ಷದಿಂದ 30 ಲಕ್ಷಕ್ಕೆ ಇಳಿದವು. ಇದು ಹೊಸ ಕಾಯ್ದೆ ಬರುವ ಮೊದಲಿನ ಇಳಿಕೆ. ದನ ಕಡಿಮೆಯಾಗುತ್ತಿರುವುದಕ್ಕೆ ಕಸಾಯಿಖಾನೆಯೊಂದನ್ನೇ ಕಾರಣವೆನ್ನಲಾಗದು. ಟ್ರ್ಯಾಕ್ಟರ್, ಒತ್ತುವರಿಯಾದ ಗೋಮಾಳ, ಬರ, ಮೇಯಿಸಲು ಮನೆಯಲ್ಲಿ ಆಳಿಲ್ಲದಿರುವುದು ಎಲ್ಲವೂ ಸೇರಿವೆ. ದನವನ್ನು ಉಳಿಸಬೇಕೆಂಬ ಶಾಸನ ಇವುಗಳ ಕಡೆಗೆ ನೋಡಬೇಕಿತ್ತು.

ಗೋಮಾಳದ ಮಾತು ಬಂದಾಗ ಚಳ್ಳಕೆರೆಯನ್ನು ನೆನೆಯದಿರಲು ನನ್ನಿಂದಾಗದು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ತಳಿಗೆಂದೇ ಮೀಸಲಾಗಿದ್ದ ಹುಲ್ಲುಗಾವಲುಗಳನ್ನು ಕಾವಲ್ ಎನ್ನುತ್ತೇವೆ. ಒಂದು ಕಾಲಕ್ಕೆ ಹಲವು ಜಿಲ್ಲೆಗಳಲ್ಲಿ ಲಕ್ಷಗಟ್ಟಲೆ ಎಕರೆ ಇತ್ತು. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಕಾವಲಿನಲ್ಲಿ 2007ರಿಂದ 2010ರ ನಡುವೆ ಸಾವಿರಾರು ಎಕರೆ ರಕ್ಷಣಾ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಇದು ಒಬ್ಬ ಮುಖ್ಯಮಂತ್ರಿಯ ತಲೆಗೆ ಕಟ್ಟುವ ಸಂಗತಿಯಲ್ಲ, ಒಂದಕ್ಕಿಂತ ಹೆಚ್ಚು ಆಡಳಿತಗಳು ಅದರಲ್ಲಿ ಪಾಲುದಾರರು. ಸಂಸ್ಥೆಗಳ ಕೆಲಸ ದೇಶಕ್ಕೆ ಬೇಕಾದದ್ದೇ. ಆದರೆ 2010ರಲ್ಲಿ ಒಂದು ಕೈಯಲ್ಲಿ ಗೋಹತ್ಯೆ ನಿಷೇಧದ ಮಸೂದೆ ಇದ್ದಾಗ ಇನ್ನೊಂದು ಕೈಯಿಂದ ನಾಡಿನ ಹೆಸರಾಂತ ತಳಿಯ ಹುಲ್ಲುಗಾವಲು ಹೋಗುತ್ತಿತ್ತು. ಅಲ್ಲಿ ದನ, ಕುರಿ ಮೇಯಿಸಿ ಬದುಕಿದ್ದ ಹಳ್ಳಿಗಳ ಜನ ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಕಾವಲನ್ನು ಕಾಯುವ ಗಟ್ಟಿ ಕಾಯ್ದೆ ಒಂದಿದ್ದರೆ ಹುಲ್ಲಿಗೂ ತಳಿಗೂ ಅದರಷ್ಟು ಉಪಕಾರ ಮತ್ತೊಂದಿರುತ್ತಿರಲಿಲ್ಲ.

ಇನ್ನು ಪ್ರಾಣಿದಯೆ. ವಧೆ ನಿಷೇಧವನ್ನೇ ಪ್ರಾಣಿದಯೆಯ ಶಾಸನವೆಂದು ತಿಳಿಯುವುದು ಸಾಮಾನ್ಯ. ಕಾನೂನಿನಲ್ಲಿ ಅವೆರಡೂ ಬೇರೆ ಮನೆಯವು. ಜಾನುವಾರು ಸಂರಕ್ಷಣೆ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ, ಪ್ರಾಣಿಹಿಂಸೆ ತಡೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ಹಿಂಸೆ ತಡೆಯುವ ಮುಖ್ಯ ಕಾಯ್ದೆ ಕೇಂದ್ರದ್ದು, 1960ರದ್ದು. ದನವನ್ನು ಬಡಿದರೆ, ಹೊರಲಾರದ ಹೊರೆ ಹೇರಿದರೆ, ಅಲುಗಾಡಲಾಗದಷ್ಟು ಗಿಡ್ಡ ಹಗ್ಗದಲ್ಲಿ ಕಟ್ಟಿದರೆ, ನೀರು ಮೇವು ಕೊಡದಿದ್ದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಹಾಲು ಇಳಿಸಲು ಚುಚ್ಚುಮದ್ದು ಹಾಕುವುದಕ್ಕೆ ಮಾತ್ರ 1,000 ರೂಪಾಯಿ ದಂಡ ಅಥವಾ ಎರಡು ವರ್ಷದವರೆಗೆ ಸೆರೆ ಇದೆ. ಅರವತ್ತು ವರ್ಷಗಳ ಹಿಂದಿನ ಈ 50 ರೂಪಾಯಿಯನ್ನೂ ರಾಜ್ಯದ ಕಾಯ್ದೆಯ 5 ಲಕ್ಷವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹಸು ಬದುಕಿರುವಷ್ಟು ದಿನ ಅದಕ್ಕೆ ಏನಾಗುತ್ತದೆ ಎಂಬುದರ ಬಗ್ಗೆ ಶಾಸನ ಬಹುತೇಕ ಸುಮ್ಮನಿದೆ.

ಕೇಂದ್ರದ ಕಾಯ್ದೆಗೆ ರಾಜ್ಯ ಏನು ಮಾಡಲಾದೀತು ಎಂದು ಕೇಳಬಹುದು. ಕಂಬಳವೇ ಅದಕ್ಕೆ ಉತ್ತರ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು, 2016ರಲ್ಲಿ ಹೈಕೋರ್ಟಿನ ತಡೆ ಕಂಬಳಕ್ಕೂ ಬಂತು. ಸಿದ್ದರಾಮಯ್ಯನವರ ಸರ್ಕಾರ 2017ರಲ್ಲಿ ಅದೇ 1960ರ ಕಾಯ್ದೆಗೆ ರಾಜ್ಯದ ತಿದ್ದುಪಡಿ ತಂದಿತು, 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಸದನದಲ್ಲಿ ಎಲ್ಲ ಪಕ್ಷಗಳೂ ಅದರ ಜೊತೆಗಿದ್ದವು. ಯಡಿಯೂರಪ್ಪನವರು ಆಗ ಶಿವಮೊಗ್ಗದ ಸಂಸದರು, ಹಾಗಾಗಿ ಇದು ಅವರ ಶಾಸನವಲ್ಲ. ನಾನು ಇದನ್ನು ಎತ್ತುವುದು ಬೇರೆ ಕಾರಣಕ್ಕೆ. ವಿನಾಯಿತಿ ಕೊಡಲು ರಾಜ್ಯಕ್ಕೆ ದಾರಿ ಇತ್ತು ಎಂದಾದರೆ, 50 ರೂಪಾಯಿಯ ದಂಡವನ್ನು ಹೆಚ್ಚಿಸಲೂ ಅದೇ ದಾರಿ ಇತ್ತು. 2014ರ ತೀರ್ಪು ದಂಡ ಹೆಚ್ಚಿಸಬೇಕೆಂದು ಸಂಸತ್ತಿಗೂ ಹೇಳಿತ್ತು. ಕರ್ನಾಟಕದ ತಿದ್ದುಪಡಿ ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ಕೊಟ್ಟಿತೇ ಹೊರತು ದಂಡವನ್ನು ಮುಟ್ಟಲಿಲ್ಲ. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿ ನಿಷೇಧಿಸಿ 1959ರಲ್ಲೇ ತನ್ನದೇ ಕಾಯ್ದೆ ಮಾಡಿದ್ದ ರಾಜ್ಯ ನಮ್ಮದು. ಆ ದಿಟ್ಟತನ ಆಮೇಲೆ ಮುಂದುವರಿಯಲಿಲ್ಲ.

ಇಷ್ಟನ್ನೂ ಒಟ್ಟಿಗೆ ಹಿಡಿದು ನೋಡಿದಾಗ ನನಗೆ ಕಾಣುವುದು ಹೀಗೆ. 2018ರಲ್ಲಿ ದೇವರ ಜೊತೆಗೆ ರೈತರ ಹೆಸರಿನಲ್ಲೂ ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರ ರೈತಪ್ರೀತಿ ಸುಳ್ಳಲ್ಲ. ಹಾಲಿನ ಎರಡು ರೂಪಾಯಿ, ಬಡ್ಡಿಯ ಇಳಿಕೆ, ಪಂಪ್‌ಸೆಟ್ಟಿನ ವಿದ್ಯುತ್ತು ಅದಕ್ಕೆ ಸಾಕ್ಷಿ. ಆದರೆ ರೈತನಿಗೆ ಕೊಟ್ಟದ್ದನ್ನೆಲ್ಲ ಅವರು ಆದೇಶದಲ್ಲಿ ಕೊಟ್ಟರು, ರೈತನ ಮೇಲೆ ಹೊಣೆ ಹೊರಿಸಿದ್ದನ್ನು, ರೈತನಿಗಿದ್ದ ಬೇಲಿ ತೆಗೆದದ್ದನ್ನು ಕಾಯ್ದೆಯಲ್ಲಿ ಮಾಡಿದರು. ಕೊಡುಗೆಗಳು ಮುಂದಿನವರ ಮರ್ಜಿಗೆ ಬಿದ್ದವು, ಹೊಣೆಗಳು ರಾಜ್ಯಪತ್ರದಲ್ಲಿ ಉಳಿದವು. ಶಿಕಾರಿಪುರದಿಂದ ಎಂಟು ಬಾರಿ ಶಾಸಕರಾಗಿ ಗೆದ್ದು ನಾಲ್ಕು ಬಾರಿ ಮುಖ್ಯಮಂತ್ರಿಯಾದ ನಾಯಕ ಇದನ್ನು ತಿರುವುಮುರುವಾಗಿಸಬಹುದಿತ್ತು ಎಂಬ ನಿರೀಕ್ಷೆ ನನ್ನದು.

ನಿಮ್ಮ ಕೊನೆಯ ಪ್ರಶ್ನೆ, ನಾವೇ ಪರಿಶೀಲಿಸುವುದು ಹೇಗೆ ಎಂಬುದು. ಯಾವ ಶಾಸಕರು ಯಾವುದಕ್ಕೆ ಮತ ಹಾಕಿದರು ಎಂಬ ಪಟ್ಟಿ ಹುಡುಕಿ ಹೊರಟರೆ ನಿರಾಶೆಯಾಗುತ್ತದೆ. ನಮ್ಮಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಿಂದ ಪಾಸಾಗುತ್ತವೆ, ಸದಸ್ಯರು ಒತ್ತಾಯಿಸಿ ವಿಭಜನೆ, ಅಂದರೆ ಮತಗಳ ಎಣಿಕೆ, ನಡೆದರೆ ಮಾತ್ರ ಹೆಸರುಗಳು ದಾಖಲಾಗುತ್ತವೆ. ಸಚೇತಕಾಜ್ಞೆ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆಜ್ಞೆ) ಮೀರಿದರೆ ಸ್ಥಾನವೇ ಹೋಗುವ ಪಕ್ಷಾಂತರ ನಿಷೇಧದಿಂದಾಗಿ ಆ ಹೆಸರುಗಳಿಗೂ ಸ್ವಂತ ಅಭಿಪ್ರಾಯದ ತೂಕವಿರುವುದಿಲ್ಲ. ಹಾಗಾಗಿ ಬೇರೆ ಕಡೆ ನೋಡಬೇಕು. ಸಂಸದೀಯ ವ್ಯವಹಾರಗಳ ಇಲಾಖೆಯ ಜಾಲತಾಣದಲ್ಲಿ ಕಾಯ್ದೆಗಳ ಕನ್ನಡ ಪಠ್ಯ ಸಿಗುತ್ತದೆ. ಮಸೂದೆಯ ಕೊನೆಯಲ್ಲಿರುವ ಉದ್ದೇಶ ಮತ್ತು ಕಾರಣಗಳ ಹೇಳಿಕೆಯನ್ನೂ, ಅದರ ಪಕ್ಕದ ಆರ್ಥಿಕ ಜ್ಞಾಪನಪತ್ರವನ್ನೂ ಮೊದಲು ಓದಿ. ಈ ಕಾಯ್ದೆಗೆ ಸರ್ಕಾರ ಎಷ್ಟು ಹಣ ತೆಗೆದಿಡುತ್ತದೆ ಎಂಬುದು ಅಲ್ಲಿ ಇರಬೇಕು. ಅಲ್ಲಿ ಖರ್ಚೇನೂ ಇಲ್ಲ ಎಂದಿದ್ದು ಒಳಗೆ ಹೊಸ ಹೊಣೆಗಳಿದ್ದರೆ, ಆ ಖರ್ಚು ನಿಮ್ಮ ಮನೆಯಿಂದ ಹೋಗುತ್ತದೆ ಎಂದು ಅರ್ಥ. ಕಲಮುಗಳನ್ನು ಓದುವಾಗ ‘ತಕ್ಕದ್ದು’ ಎಂದು ಬರುವಲ್ಲಿ ಯಾರನ್ನು ಕುರಿತು ಬರುತ್ತದೆ, ‘ಬಹುದು’ ಎಂದು ಬರುವಲ್ಲಿ ಯಾರನ್ನು ಕುರಿತು ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ನಿಮ್ಮ ಶಾಸಕರು ಸದನದಲ್ಲಿ ಕೇಳಿದ ಚುಕ್ಕೆ ಗುರುತಿನ (ಸದನದಲ್ಲೇ ಬಾಯಿಮಾತಿನ ಉತ್ತರದ) ಮತ್ತು ಚುಕ್ಕೆ ರಹಿತ (ಲಿಖಿತ ಉತ್ತರದ) ಪ್ರಶ್ನೆಗಳನ್ನು ವಿಧಾನಸಭೆಯ ಜಾಲತಾಣದಲ್ಲಿ ಹುಡುಕಿ. ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ಎಷ್ಟು ವೈದ್ಯರ ಹುದ್ದೆ ಖಾಲಿ ಇದೆ, ಗೋಮಾಳ ಎಷ್ಟು ಒತ್ತುವರಿಯಾಗಿದೆ, ಗೋಶಾಲೆಗೆ ಕಳೆದ ವರ್ಷ ಎಷ್ಟು ಅನುದಾನ ಬಂತು ಎಂದು ಅವರು ಕೇಳಿದ್ದಾರೆಯೇ ನೋಡಿ. ಕೇಳಿಲ್ಲದಿದ್ದರೆ ಮುಂದಿನ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಈ ಮೂರು ಪ್ರಶ್ನೆಗಳನ್ನು ಬರೆದು ಅವರ ಕಚೇರಿಗೆ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ಸದನಕ್ಕೆ ಪ್ರಶ್ನೆ ಕಳಿಸಲು ಮುಂಚಿತವಾಗಿ ಸೂಚನೆ ಕೊಡಬೇಕಾಗುತ್ತದೆ, ತಡವಾದರೆ ಆ ಅಧಿವೇಶನ ಕಳೆದುಹೋಗುತ್ತದೆ.